ಬೇ ಏರಿಯಾ (ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಸುತ್ತಲಿನ ಊರುಗಳು) ಚಳಿಗಾಲದ ಮಳೆ: ನೆರೆಗೆ ಮುಂಚೆ, ನೆರೆಯಲ್ಲಿ, ನೆರೆ ಇಳಿದ ಮೇಲೆ (ಗೊತ್ತಿರೋರು ಬರೀರಿ)

ಹೊಳೆದಂಡೆ:
ಪ್ರತಿ ವರ್ಷ ಡಿಸೆಂಬರ್ ಕೊನೆಗೆ ಮಳೆ ಹಿಡಿದ ಮೇಲೆ "ಫ್ಲಡ್ ಇನ್ಶೂರೆನ್ಸ್ ಎಲ್ಲಿ ತಗೊಳ್ಳೋದು" ಅನ್ನೋ ಪ್ರಶ್ನೆ ಇಲ್ಲಿ ಬರುತ್ತೆ. ಅಷ್ಟೊತ್ತಿಗೆ ಕಾಲ ಮಿಂಚಿರುತ್ತೆ. ಎನ್‌ಎಫ್‌ಐಪಿ ಅನ್ನೋ ಫೆಡರಲ್ ಸರ್ಕಾರದ ಪಾಲಿಸಿ ದುಡ್ಡು ಕಟ್ಟಿ 30 ದಿನ ಆದ ಮೇಲೆ ಜಾರಿಗೆ ಬರೋದು. ಮನೆ ಸಾಲ ಮಾಡುವಾಗ ಅದರ ಜೊತೆಗೇ ತಗೊಂಡರೆ ಕಾಯೋದು ಬೇಡ, ಬಾಕಿಯವರು ಸಾಮಾನ್ಯವಾಗಿ ಕಾಯಲೇಬೇಕು. ಅದಕ್ಕೇ ಈ ಚರ್ಚೆಯನ್ನ ಅಕ್ಟೋಬರ್‌ನಲ್ಲೇ ಶುರು ಮಾಡ್ತಿದ್ದೀನಿ.

ಮಾಮೂಲಿ ಮನೆ ಇನ್ಶೂರೆನ್ಸ್ ನೆರೆಗೆ ಒಂದು ಡಾಲರೂ ಕೊಡಲ್ಲ. ಸೂರು ಒಡೆದು ಮೇಲಿಂದ ಸುರಿದ ನೀರು ಬೇರೆ, ನೆಲದ ಮೇಲೆ ಹರಿದು ಬಾಗಿಲಿಂದ ಬಂದ ನೀರು ಬೇರೆ. ಎರಡನೆಯದು ನೆರೆ. ಎನ್‌ಎಫ್‌ಐಪಿಯಲ್ಲಿ ಮನೆ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000. ಇವೆರಡೂ ಬೇರೆಬೇರೆ ಕವರ್, ಕಟ್ಟಡಕ್ಕೆ ತಗೊಂಡರೆ ಸಾಮಾನು ತಾನಾಗಿ ಸೇರಲ್ಲ. ಬಾಡಿಗೆದಾರರು ಸಾಮಾನಿಗೆ ಮಾತ್ರ ತಗೋಬಹುದು. ಸಾಮಾನಿಗೆ ಸವಕಲು ಕಳೆದು ಕೊಡ್ತಾರೆ, ಹೊಸದರ ಬೆಲೆ ಸಿಗಲ್ಲ. ಹೋಟೆಲ್ ಬಾಡಿಗೆಯನ್ನೂ ಈ ಪಾಲಿಸಿ ಕೊಡಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ, ಮೂರು ತಿಂಗಳು ಹೊರಗಿರೋ ಖರ್ಚನ್ನ ಬೇರೆಯೇ ಇಟ್ಟುಕೊಂಡಿರಬೇಕು.

"ನಮ್ಮದು ಫ್ಲಡ್ ಝೋನ್ ಅಲ್ಲ" ಅನ್ನೋರು ಫೀಮಾ (ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ) ಮಾಡಿರೋ ನೆರೆ ನಕ್ಷೆಯಲ್ಲಿ ನಿಮ್ಮ ಜಾಗದ ಅಕ್ಷರ ನೋಡಿ. ಎ ಅಕ್ಷರದಿಂದ ಶುರುವಾದರೆ ವರ್ಷಕ್ಕೆ 1 ಪರ್ಸೆಂಟ್ ಸಾಧ್ಯತೆ, 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ ಸುಮಾರು 26 ಪರ್ಸೆಂಟ್. ಎಕ್ಸ್ ಅಂದರೆ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಸ್ಯಾನ್ ಹೋಸೆಯ ಹಲವು ಕಡೆ ಡಿ ಅಂತಿರುತ್ತೆ. ಅದರರ್ಥ ಅಪಾಯ ಎಷ್ಟು ಅಂತ ಯಾರೂ ಅಳೆದಿಲ್ಲ ಅಂತ ಅಷ್ಟೇ. ಬ್ಯಾಂಕ್ ಕೇಳಲ್ಲ ಅಂದಮಾತ್ರಕ್ಕೆ ನೀರು ಬರಲ್ಲ ಅಂದುಕೋಬೇಡಿ.

ಚರಂಡಿ, ಮರಳುಚೀಲ, ಪಂಪು, ಕರೆಂಟು, ಊರಿಂದ ಬಂದಿರೋ ಅಪ್ಪ ಅಮ್ಮ, ವೀಸಾ, ನೀರು ಇಳಿದ ಮೇಲಿನ ಕೆಲಸ: ಗೊತ್ತಿರೋದನ್ನ ಬರೀರಿ. ಕಥೆ ಬೇಡ, ಮಾಡಬೇಕಾದ್ದು ಸಾಕು.

ಮಳೆಮಾಪಕ:
ಮೊದಲು ನಿಮ್ಮ ಬೀದಿಗೆ ನೀರು ಎಲ್ಲಿಂದ ಬರುತ್ತೆ ಅನ್ನೋದನ್ನ ತಿಳ್ಕೊಳ್ಳಿ. ಉಳಿದ ಎಲ್ಲ ತಯಾರಿ ಅದರ ಮೇಲೆ ನಿಂತಿದೆ. ಎಲ್ಲರಿಗೂ ಬೀಳೋ ಮಳೆ ಒಂದೇ, ಮುಳುಗೋ ಕಾರಣ ಬೇರೆಬೇರೆ.

ಕಯೋಟಿ ಕ್ರೀಕ್: ಮೇಲೆ ಆಂಡರ್ಸನ್ ಅಣೆಕಟ್ಟೆ. 2017ರ ಫೆಬ್ರವರಿ 18ಕ್ಕೆ ಅದು ತುಂಬಿ ಕೋಡಿ ಬಿತ್ತು, 21ಕ್ಕೆ ಸ್ಯಾನ್ ಹೋಸೆಯ ರಾಕ್ ಸ್ಪ್ರಿಂಗ್ಸ್, ವಿಲಿಯಂ ಸ್ಟ್ರೀಟ್ ಕಡೆ ಮನೆಗಳಿಗೆ ನೀರು ನುಗ್ಗಿ ಸುಮಾರು 14,000 ಜನರಿಗೆ ಮನೆ ಬಿಡಿ ಅಂತ ಆದೇಶ ಆಯ್ತು. ಎಚ್ಚರಿಕೆ ಕೊಡೋದರಲ್ಲಿ ಎಡವಿದ್ದನ್ನ ನಗರಾಡಳಿತವೇ ಒಪ್ಪಿಕೊಂಡಿತು. ಅಣೆಕಟ್ಟೆ ಕೆಳಗಿರೋರು ತಲೆ ಮೇಲಿನ ಮಳೆ ನೋಡಿದರೆ ಸಾಲದು, ಜಲಾಶಯದ ಮಟ್ಟ ನೋಡಬೇಕು.

ಸ್ಯಾನ್ ಫ್ರಾನ್ಸಿಸ್ಕಿಟೊ ಕ್ರೀಕ್, ಪಾಲೊ ಆಲ್ಟೊ ಮತ್ತು ಮೆನ್ಲೊ ಪಾರ್ಕ್ ನಡುವೆ: ಅಲ್ಲಿ ಸೇತುವೆ ಕೆಳಗಿನ ಕಂಡಿ ಚಿಕ್ಕದು, ಹಳ್ಳ ಅಷ್ಟು ನೀರು ಹೊತ್ತು ತಂದರೆ ದಾಟಲಾಗದೆ ದಂಡೆ ಮೇಲೆ ಹತ್ತುತ್ತೆ. 1998ರ ಫೆಬ್ರವರಿಯಲ್ಲಿ ಆದದ್ದು ಅದೇ, 2022ರ ಡಿಸೆಂಬರ್ 31ಕ್ಕೂ ಅದೇ. ಅವತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಧ್ಯೆ ಒಂದೇ ದಿನಕ್ಕೆ 5.46 ಇಂಚು ಮಳೆ ಆಗಿತ್ತು.

ಅಲ್ವಿಸೊ: ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿದು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಡಿಸೆಂಬರ್, ಜನವರಿಯ ಕಿಂಗ್ ಟೈಡ್ (ವರ್ಷದ ಅತಿ ಎತ್ತರದ ಭರತ) ಹೊತ್ತಿಗೆ ಮಳೆ ಬಂದರೆ ಕೊಲ್ಲಿ ಕಡೆ ಚರಂಡಿ ನೀರು ಇಳಿಯೋದಿಲ್ಲ. ಅಂಥ ಕಡೆ ಇರೋರು ಭರತ ಇಳಿತದ ಪಟ್ಟಿ ಕೂಡ ನೋಡಬೇಕು.

ಪಾಹರೊ (ಬೇ ಏರಿಯಾದ ದಕ್ಷಿಣಕ್ಕೆ, ಮಾಂಟೆರೆ ಕೌಂಟಿಯ ಹೊಳೆದಂಡೆ ಊರು): 2023ರ ಮಾರ್ಚ್ 10ರ ನಡುರಾತ್ರಿ ಹೊತ್ತಿಗೆ ಏರಿ ಒಡೆಯಿತು. 1949ರಲ್ಲಿ ಕಟ್ಟಿದ ಮಣ್ಣಿನ ಏರಿ. ಅದು ದುರ್ಬಲ ಅಂತ ಕಟ್ಟಿದವರಿಗೇ ದಶಕಗಳಿಂದ ಗೊತ್ತಿತ್ತು. ಸ್ಟ್ರಾಬೆರಿ ಹೊಲದಲ್ಲಿ ದುಡಿಯೋ ಬಡವರ ಊರು, ಆಸ್ತಿ ಬೆಲೆ ಕಡಿಮೆ, ಹಾಗಾಗಿ ಲಾಭ ವೆಚ್ಚದ ಲೆಕ್ಕದಲ್ಲಿ ರಿಪೇರಿ ಹಿಂದಕ್ಕೆ ಬೀಳ್ತಾ ಬಂತು. ಆ ಲೆಕ್ಕ ನನಗೆ ಅನ್ಯಾಯ ಅಂತಲೇ ಅನ್ನಿಸೋದು.

ನೋಡಬೇಕಾದ್ದು ಎರಡು. ನ್ಯಾಷನಲ್ ವೆದರ್ ಸರ್ವಿಸ್‌ನ ಮುನ್ಸೂಚನೆ, ಮತ್ತು ಕ್ಯಾಲಿಫೋರ್ನಿಯಾ ನೆವಾಡಾ ರಿವರ್ ಫೋರ್‌ಕಾಸ್ಟ್ ಸೆಂಟರ್ ಹಾಕೋ ಹೊಳೆಮಟ್ಟದ ಗ್ರಾಫ್. ನಿಮ್ಮ ಹತ್ತಿರದ ಮಾಪನ ಕಂಬದ "ಫ್ಲಡ್ ಸ್ಟೇಜ್" (ನೀರು ಉಕ್ಕಿ ಹಾನಿ ಶುರುವಾಗೋ ಮಟ್ಟ) ಎಷ್ಟು ಅಡಿ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಅಟ್ಮಾಸ್ಫೆರಿಕ್ ರಿವರ್ (ಸಮುದ್ರದ ಕಡೆಯಿಂದ ನೀರಾವಿ ಹೊತ್ತು ಬರೋ ಉದ್ದನೆ ಪಟ್ಟಿ, ದೊಡ್ಡ ಮಳೆ ತರೋದು) ಅನ್ನು 1ರಿಂದ 5ರವರೆಗೆ ಅಳೀತಾರೆ, ಆದರೆ ಆ ಅಂಕಿ ಒಂದರಿಂದಲೇ ನಿರ್ಧಾರ ಮಾಡಬೇಡಿ. ಒಣ ನೆಲಕ್ಕೆ ಬಿದ್ದ 3 ಬಹುಪಾಲು ಇಂಗಿ ಹೋಗುತ್ತೆ. ಹಿಂದಿನ ವಾರ ನೆನೆದ ನೆಲಕ್ಕೆ ಬಿದ್ದ 2 ಹಳ್ಳ ಉಕ್ಕಿಸುತ್ತೆ. 2022ರ ಡಿಸೆಂಬರ್ ಕೊನೆಯಿಂದ ಮೂರು ವಾರದಲ್ಲಿ ಒಂಬತ್ತು ಸಾಲಾಗಿ ಬಂದವು, ಹೆಚ್ಚು ಹಾನಿ ಆದದ್ದು ಆ ಸಾಲಿನಿಂದ.

ಗೌಂಡಿ_ಧಾರವಾಡ:
ಮರಳಚೀಲದ ಬಗ್ಗೆ ನಾ ಬರೀತೀನ್ರಿ, ಮಂದಿ ಭಾಳ ತಪ್ಪು ಮಾಡತಾರ.

ಚೀಲ ಪೂರ್ತಿ ತುಂಬಬ್ಯಾಡ್ರಿ. ಅರ್ಧಕ್ಕಿಂತ ತುಸು ಜಾಸ್ತಿ ಸಾಕು. ಬಿಗಿ ತುಂಬಿದ ಚೀಲ ಗುಂಡಗ ಆಗತೈತಿ, ಒಂದರ ಬಾಜೂ ಒಂದು ಇಟ್ರ ನಡುವ ಸಂದಿ ಉಳೀತೈತಿ, ನೀರು ಅಲ್ಲೇ ಹಾದು ಬರತೈತಿ. ಸಡಿಲ ಇದ್ದದ್ದು ಕಾಲಿಂದ ತುಳಿದ್ರ ಚಪ್ಪಟಿ ಆಗಿ ಒಂದಕ್ಕೊಂದು ಕೂಡತೈತಿ. ಬಾಯಿ ಕಟ್ಟೂದೂ ಬ್ಯಾಡ, ಮಡಚಿ ಚೀಲದ ಅಡಿಗೆ ಸೇರಸ್ರಿ. ಮಡಚಿದ ಬಾಯಿ ನೀರು ಬರೂ ದಿಕ್ಕಿಗೆ ಇರಲಿ.

ಎರಡನೇ ಸಾಲು ಮೊದಲನೇದರ ಸಂದಿ ಮ್ಯಾಲೆ ಬರಬೇಕು. ಪ್ರತಿ ಸಾಲೂ ತುಳೀರಿ. ಮೂರು ಸಾಲಂದ್ರ ಸುಮಾರು ಒಂದು ಅಡಿ ಎತ್ತರ. ಅದಕ್ಕಿಂತ ಎತ್ತರ ಬೇಕಂದ್ರ ಒಂದ ಗ್ವಾಡಿ ಸಾಲಂಗಿಲ್ಲ, ಅಡಿಗೆ ಅಗಲ ಮಾಡಿ ಏರಿ ಕಟ್ಟಬೇಕು, ಇಲ್ಲಂದ್ರ ನೀರಿನ ಒತ್ತಿಗೆ ಉರುಳತೈತಿ. ನೀರಿನ ಕಡೆ ಮೊದಲು 6 ಮಿಲ್ (ಇಂಚಿನ ಸಾವಿರದಾಗ ಆರು ಪಾಲು ದಪ್ಪ) ಪ್ಲಾಸ್ಟಿಕ್ ಹಾಳಿ ಹಾಸಿ, ಅದರ ಅಂಚಿನ ಮ್ಯಾಲೆ ಚೀಲ ಹೇರ್ರಿ. ಬರೇ ಚೀಲ ನೀರು ತಡೀದಿಲ್ಲ, ಸೋರತೈತಿ. ಹಾಳಿ ಇದ್ರ ಸೋರೂದು ಭಾಳ ಕಡಿಮಿ ಆಗತೈತಿ.

ಲೆಕ್ಕ ಹೇಳತೀನಿ. ಎರಡು ಕಾರಿನ ಗ್ಯಾರೇಜ್ ಬಾಗಿಲು 16 ಅಡಿ. ಹಾಸಿದ ಚೀಲ ಸುಮಾರು 20 ಇಂಚು ಉದ್ದ. ಒಂದು ಸಾಲಿಗೆ 10, ಅಂಚಿನ್ಯಾಗ ಒಂದೊಂದು ಹೆಚ್ಚಿಗೆ, ಮೂರು ಸಾಲಿಗೆ 36 ಚೀಲ. ಒಂದೊಂದು 35ರಿಂದ 40 ಪೌಂಡ್. ಎಲ್ಲಾ ಕೂಡಿ ಅರ್ಧ ಟನ್ನಿಗೂ ಮ್ಯಾಲೆ. ಸಣ್ಣ ಕಾರಿನ್ಯಾಗ ಒಂದು ಸಲಕ್ಕ 10 ಸಾಕು, ಅದಕ್ಕ ಮಳೀಗಿಂತ ಮೊದಲ ತರ್ರಿ. ಸಾಂಟಾ ಕ್ಲಾರಾ ಕೌಂಟಿಯೊಳಗ ವ್ಯಾಲಿ ವಾಟರ್ (ಅಲ್ಲಿನ ಸರ್ಕಾರಿ ನೀರಿನ ಸಂಸ್ಥೆ) ಪುಗಸಟ್ಟೆ ಕೊಡತೈತಿ, ಭಾಳ ಊರಾಗ ನಗರದವರೂ ಕೊಡತಾರ. ಸಲಕಿ ನೀವ ಒಯ್ಯಬೇಕಾಗಬಹುದು.

ಚೀಲ ಇಟ್ಟು ನೀರನ್ನ ಬಾಜೂ ಮನಿಗೆ ತಿರುಗಸಬ್ಯಾಡ್ರಿ. ಬೀದಿ ಗಟರಿಗೆ ತಿರುಗಸ್ರಿ. ನೆರಿ ಇಳಿದ ಮ್ಯಾಲೆ ಆ ಮರಳು ಹುಡುಗರು ಆಡೂ ಜಾಗಾದಾಗ ಸುರೀಬ್ಯಾಡ್ರಿ, ಗಟರ ಹೊಲಸು ಅದರಾಗ ಕೂಡಿರತೈತಿ.

ಮೂಲೆಮನೆ:
ಮರಳುಚೀಲಕ್ಕಿಂತ ಮುಂಚೆ ಸೂರಿನ ನೀರು ಎಲ್ಲಿ ಬೀಳುತ್ತೆ ಅಂತ ನೋಡಿ. 1,000 ಚದರಡಿ ಸೂರಿಗೆ 1 ಇಂಚು ಮಳೆ ಬಿದ್ದರೆ 623 ಗ್ಯಾಲನ್. 2,000 ಚದರಡಿಗೆ 2 ಇಂಚು ಬಿದ್ದರೆ 2,500 ಗ್ಯಾಲನ್ ಹತ್ತಿರ, ಅಂದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು. ಇಷ್ಟೂ ಗೋಡೆಯ ಬುಡಕ್ಕೆ ಸುರಿದರೆ ಕ್ರಾಲ್ ಸ್ಪೇಸ್ (ಮನೆ ನೆಲದ ಕೆಳಗಿನ ತೆವಳಿ ಹೋಗೋವಷ್ಟು ಜಾಗ) ಕೆರೆ ಆಗುತ್ತೆ, ಹಳ್ಳ ಉಕ್ಕಬೇಕಾಗೇ ಇಲ್ಲ. ಡೌನ್‌ಸ್ಪೌಟಿಗೆ (ಸೂರಿನ ನೀರು ಕೆಳಗಿಳಿಸೋ ಕೊಳವೆ) ಪೈಪು ಸೇರಿಸಿ ಗೋಡೆಯಿಂದ 5–6 ಅಡಿ ದೂರ ಬಿಡಿ. ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿಜಾರಿರಬೇಕು. ಹೂವಿನ ಪಾತಿಗೆ ಮಣ್ಣು ಏರಿಸಿ ಏರಿಸಿ ಇಳಿಜಾರು ಮನೆ ಕಡೆಗೇ ತಿರುಗಿರುತ್ತೆ, ಅದನ್ನ ಕೆತ್ತಿ ತೆಗೀರಿ.

ಬೀದಿ ಚರಂಡಿ ಬಾಯಿಯ ಎಲೆ ಮಳೆಗೆ ಮುಂಚೆ ಕುಂಟೆಯಿಂದ ಎಳೆದು ಹಸಿರು ಡಬ್ಬಿಗೆ (ತೋಟದ ಕಸದ ಡಬ್ಬಿಗೆ) ಹಾಕಿ. ನೀರು ನಿಂತ ಮೇಲೆ ಫುಟ್‌ಪಾತ್ ಮೇಲೆ ನಿಂತೇ ಎಳೀರಿ, ನೀರಿಗೆ ಇಳೀಬೇಡಿ, ಜಾಲರಿ ಎತ್ತಬೇಡಿ. ಕೆಸರು ನೀರಲ್ಲಿ ತೆರೆದ ಗುಂಡಿ ಕಾಣಲ್ಲ, ಸೆಳೆತ ಕಾಲನ್ನ ಒಳಗೆ ಎಳೆದುಬಿಡುತ್ತೆ. ಬೀದಿಯಲ್ಲಿ ನಾಲ್ಕು ಮನೆಯವರು ಚರಂಡಿ ಬಾಯಿ ಹಂಚಿಕೊಂಡರೆ ಇಡೀ ಬೀದಿ ಉಳಿಯುತ್ತೆ.

ತುಂಗಾತೀರ:
ಕ್ರಾಲ್ ಸ್ಪೇಸಿಗೆ ಸಂಪ್ ಪಂಪ್ (ಗುಂಡಿಗೆ ಸೇರಿದ ನೀರನ್ನ ಹೊರಗೆ ಹಾಕೋ ಪಂಪು) ಹಾಕಿಸೋರು ಏನು ನೋಡಬೇಕು? ಕರೆಂಟ್ ಹೋದರೆ ಅದು ಇದ್ದೂ ಇಲ್ಲದ ಹಾಗೇ ಅಲ್ವಾ?

ಪಂಪ್‌ಸೆಟ್:
ತುಂಗಾತೀರ ಅವರೇ, ಹೌದು. ಮಳೆ ಜೋರಾದಾಗಲೇ ಮರ ಬಿದ್ದು ಕರೆಂಟ್ ಹೋಗೋದು.

ಸಾಮಾನ್ಯ ಮನೆಗೆ ಮೂರನೇ ಒಂದು ಎಚ್‌ಪಿ ಸಬ್‌ಮರ್ಸಿಬಲ್ ಸಾಕು. ಫ್ಲೋಟ್ (ನೀರು ಏರಿದಾಗ ತೇಲಿ ಪಂಪ್ ಶುರು ಮಾಡೋ ಬುರುಡೆ) ನೆಟ್ಟಗೆ ಮೇಲೆ ಕೆಳಗೆ ಆಡೋದು ತಗೊಳ್ಳಿ. ದಾರದಲ್ಲಿ ತೂಗೋ ಫ್ಲೋಟು ಚಿಕ್ಕ ಗುಂಡಿಯಲ್ಲಿ ಗೋಡೆಗೆ ಸಿಕ್ಕಿಕೊಳ್ಳುತ್ತೆ, ಆಗ ಪಂಪ್ ಶುರುವೇ ಆಗಲ್ಲ, ಇಲ್ಲಾ ನಿಲ್ಲದೆ ಓಡಿ ಸುಟ್ಟು ಹೋಗುತ್ತೆ. ಹೊರಪೈಪಿಗೆ ಚೆಕ್ ವಾಲ್ವ್ ಬೇಕು, ಇಲ್ಲದಿದ್ದರೆ ಪೈಪಿನಲ್ಲಿರೋ ನೀರು ಪ್ರತಿ ಸಲ ವಾಪಸ್ ಬೀಳುತ್ತೆ. ಪಂಪಿಗೂ ಚೆಕ್ ವಾಲ್ವಿಗೂ ನಡುವೆ ಪೈಪಲ್ಲಿ 1/8 ಇಂಚಿನಿಂದ 3/16 ಇಂಚಿನ ಒಂದು ತೂತು ಕೊರೆಯಬೇಕು. ಇದನ್ನ ಬಿಟ್ಟರೆ ಗಾಳಿ ಸಿಕ್ಕಿಕೊಂಡು ಮೋಟರ್ ಗುಂಯ್ ಅಂತಿರುತ್ತೆ, ನೀರು ಮಾತ್ರ ಏರಲ್ಲ. ಪಂಪಿನ ಕೈಪಿಡಿಯಲ್ಲಿ ಅಳತೆ ಕೊಟ್ಟಿರ್ತಾರೆ, ಅದನ್ನೇ ಪಾಲಿಸಿ.

ನೀರು ಬೀದಿ ಗಟರಿಗೆ ಹೋಗಲಿ. ಬಚ್ಚಲ ಲೈನಿಗೆ, ಅಂದರೆ ಸ್ಯಾನಿಟರಿ ಸೀವರಿಗೆ ಬಿಡೋ ಹಾಗಿಲ್ಲ.

ಕರೆಂಟಿಗೆ: 12 ವೋಲ್ಟಿನ ಬ್ಯಾಕಪ್ ಪಂಪು, ಡೀಪ್ ಸೈಕಲ್ ಬ್ಯಾಟರಿ. 100 ಆಂಪಿಯರ್ ಅವರ್ ಬ್ಯಾಟರಿ, ಪಂಪ್ 15 ಆಂಪ್ ಎಳೆದರೆ ಲೆಕ್ಕಕ್ಕೆ ಆರು ಗಂಟೆ ಚಿಲ್ಲರೆ, ನಿಜದಲ್ಲಿ ಐದು ಅಂತಿಟ್ಟುಕೊಳ್ಳಿ. ಬಿಟ್ಟು ಬಿಟ್ಟು ಓಡಿದರೆ ಒಂದು ದಿನವೂ ಬರಬಹುದು. ಕಾರಿನ ಬ್ಯಾಟರಿ ಹಾಕಬೇಡಿ, ಪೂರ್ತಿ ಇಳಿದರೆ ಅದು ಬೇಗ ಸಾಯುತ್ತೆ. ಪ್ರತಿ ಅಕ್ಟೋಬರ್‌ನಲ್ಲಿ ಗುಂಡಿಗೆ ಎರಡು ಬಕೆಟ್ ನೀರು ಸುರಿದು, ಗೋಡೆ ಪ್ಲಗ್ ಕಿತ್ತು, ಬ್ಯಾಟರಿ ಮೇಲೆ ಓಡುತ್ತಾ ನೋಡಿ.

ಇನ್ನೊಂದು: ಬೀದಿ ಸೀವರ್ ತುಂಬಿದರೆ ಟಾಯ್ಲೆಟ್, ಶವರ್ ತೂತಿಂದ ಮೈಲಿಗೆ ನೀರು ಒಳಗೆ ಬರುತ್ತೆ. ಬ್ಯಾಕ್‌ವಾಟರ್ ವಾಲ್ವ್ ಅದನ್ನ ತಡೆಯುತ್ತೆ. ಆದರೆ ವಾಲ್ವ್ ಮುಚ್ಚಿದಾಗ ನಿಮ್ಮ ನೀರೂ ಹೊರಗೆ ಹೋಗಲ್ಲ. ಆ ಹೊತ್ತಲ್ಲಿ ವಾಷಿಂಗ್ ಮೆಷಿನ್ ಹಾಕಿದರೆ ನಿಮ್ಮದೇ ನೀರು ನಿಮ್ಮ ಬಚ್ಚಲಿಗೆ. ಮನೆಯವರಿಗೆಲ್ಲ ಇದನ್ನ ಹೇಳಿಟ್ಟಿರಿ. ಈ ಹಾನಿಗೆ ಮನೆ ಇನ್ಶೂರೆನ್ಸಲ್ಲಿ "ವಾಟರ್ ಬ್ಯಾಕಪ್" ಅಂತ ಬೇರೆ ಸೇರ್ಪಡೆ ಸಿಗುತ್ತೆ, ಕೇಳಿ ಹಾಕಿಸಿಕೊಳ್ಳಿ.

ಬೆಂಕಿಕಡ್ಡಿ:
ಜನರೇಟರ್ ಇರೋರಿಗೆ. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದಿದ್ದರೂ ಒಳಗೆ ಓಡಿಸಬೇಡಿ. ಮನೆಯಿಂದ 20 ಅಡಿ ಆಚೆ, ಹೊಗೆ ಬಾಯಿ ಕಿಟಕಿಗೆ ವಿರುದ್ಧವಾಗಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತೆ. ಬ್ಯಾಟರಿಯ ಸಿಒ ಅಲಾರಂ ಮಲಗೋ ಕೋಣೆ ಹತ್ತಿರ ಇರಲೇಬೇಕು. ಚಳಿ ಅಂತ ಇದ್ದಿಲ ಗ್ರಿಲ್ ಒಳಗೆ ತರೋದು, ಗ್ಯಾಸ್ ಒಲೆ ಹಚ್ಚಿ ಕಾಯಿಸಿಕೊಳ್ಳೋದು ಎರಡೂ ಬೇಡ. ಊರಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗ್ತಿತ್ತು, ಇಲ್ಲಿನ ಮನೆ ಗಾಳಿಯಾಡದ ಹಾಗೆ ಮುಚ್ಚಿರುತ್ತೆ. ಜನರೇಟರ್ ವೈರನ್ನ ಗೋಡೆ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡೋರಿದ್ದಾರೆ. ಆ ಕರೆಂಟ್ ಬೀದಿ ಲೈನಿಗೆ ಹತ್ತಿ, ರಿಪೇರಿಗೆ ಬಂದ ಲೈನ್‌ಮನ್ ಸಾಯ್ತಾನೆ. ಟ್ರಾನ್ಸ್‌ಫರ್ ಸ್ವಿಚ್ (ಮನೆಯನ್ನ ಬೀದಿ ಲೈನಿಂದ ಬೇರ್ಪಡಿಸಿ ಜನರೇಟರಿಗೆ ಸೇರಿಸೋ ಸ್ವಿಚ್ಚು) ಇಲ್ಲದಿದ್ದರೆ 12 ಗೇಜ್ ವೈರಿನಿಂದ ಫ್ರಿಜ್ಜಿಗೆ ನೇರ ಕೊಡಿ, ಅಷ್ಟೇ.

ಸಾರಿನಪುಡಿ:
ಫ್ರಿಜ್ ಬಾಗಿಲು ತೆಗೆಯದಿದ್ದರೆ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಒಳಗಿನ ಉಷ್ಣ 40 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಎರಡು ಗಂಟೆ ಆಗಿದ್ದರೆ ಅನ್ನ, ಬೇಯಿಸಿದ ಬೇಳೆ, ಕಾಯಿ ಹಾಕಿದ ಪಲ್ಯ, ಪನೀರ್ ಎಲ್ಲ ಎಸೀರಿ. ಮತ್ತೆ ಕುದಿಸಿದರೆ ಸರಿ ಹೋಗುತ್ತೆ ಅನ್ನೋದು ತಪ್ಪು. ಅನ್ನದಲ್ಲಿ ಹುಟ್ಟೋ ವಿಷ ಕುದಿಸಿದರೂ ಹೋಗಲ್ಲ.

ಕುಡಿಯೋ ನೀರು ತಲೆಗೆ ದಿನಕ್ಕೆ 1 ಗ್ಯಾಲನ್. ನಲ್ಲಿ ನೀರು ಕುದಿಸಿ ಕುಡೀರಿ ಅಂತ ನೋಟಿಸ್ ಬಂದರೆ, ಜೋರು ಕುದಿ ಬಂದ ಮೇಲೆ 1 ನಿಮಿಷ. ಒಲೆ ಇಲ್ಲದಿದ್ದರೆ ವಾಸನೆ ಸೇರಿಸದ 6 ಪರ್ಸೆಂಟ್ ಬ್ಲೀಚ್ ಗ್ಯಾಲನ್ನಿಗೆ 8 ಹನಿ, 8.25 ಪರ್ಸೆಂಟ್ ಆದರೆ 6 ಹನಿ, ಅರ್ಧ ಗಂಟೆ ಬಿಡಿ. ನೆರೆ ನೀರು ತಾಗಿದ ಫಿಲ್ಟರ್ ಕಾರ್ಟ್ರಿಜ್, ಮುಚ್ಚಳ ತಿರುಪಿನ ಉಪ್ಪಿನಕಾಯಿ ಬಾಟಲಿ, ಹಿಟ್ಟಿನ ಡಬ್ಬ ಎಲ್ಲ ಹೊರಗೆ. ತಿರುಪಿನ ಸಂದಿಯಲ್ಲಿ ಕೊಳಕು ಕೂತಿರುತ್ತೆ, ಎಷ್ಟು ತೊಳೆದರೂ ಹೋಗಲ್ಲ.

ಅಜ್ಜಿಮನೆ:
ಚಳಿಗಾಲಕ್ಕೆ ಅಪ್ಪ ಅಮ್ಮ ಬಂದಿರೋ ಮನೆಗಳಿಗೆ. ಫೋನಿಗೆ ಬರೋ ತುರ್ತು ಎಚ್ಚರಿಕೆ ಇಂಗ್ಲಿಷು, ಸ್ಪ್ಯಾನಿಷಿನಲ್ಲಿರುತ್ತೆ. ಮಕ್ಕಳು ಆಫೀಸಿನಲ್ಲಿದ್ದಾಗ ಅದು ಬಂದರೆ ಹಿರಿಯರಿಗೆ ಫೋನ್ ಕೆಟ್ಟಿದೆ ಅನ್ನಿಸಬಹುದು. ದೊಡ್ಡಕ್ಷರದಲ್ಲಿ ಕನ್ನಡದಲ್ಲೇ ಬರೆದು ಫ್ರಿಜ್ಜಿಗೆ ಅಂಟಿಸಿ:

"ಫೋನ್ ಒಮ್ಮೆಲೇ ಜೋರಾಗಿ ಕೂಗಿಕೊಂಡರೆ ನಮಗೆ ತಕ್ಷಣ ಫೋನ್ ಮಾಡಿ. ಸಿಗದಿದ್ದರೆ ಎದುರು ಮನೆ ಬಾಗಿಲು ತಟ್ಟಿ ಈ ಚೀಟಿ ತೋರಿಸಿ. ಔಷಧಿ ಚೀಲ, ಪಾಸ್‌ಪೋರ್ಟ್ ಚೀಲ, ಕನ್ನಡಕ, ಸ್ವೆಟರ್ ತಗೊಳ್ಳಿ. ಬೀದಿಯಲ್ಲಿ ನೀರಿದ್ದರೆ ಹೊರಗೆ ಇಳಿಯಬೇಡಿ, ಮಹಡಿಗೆ ಹೋಗಿ, 911ಕ್ಕೆ ಫೋನ್ ಮಾಡಿ 'ಕನ್ನಡ' ಅಂತ ಹೇಳಿ."

ಅದರ ಕೆಳಗೆ ಇಂಗ್ಲಿಷಿನಲ್ಲಿ ವಿಳಾಸ, ನಿಮ್ಮ ನಂಬರ್, ಅವರ ಕಾಯಿಲೆ ಮತ್ತು ಮಾತ್ರೆ ಹೆಸರು. ಎದುರು ಮನೆಯವರಿಗೆ ಮೊದಲೇ ತಿಳಿಸಿರಿ. ಕೌಂಟಿಯ ಎಚ್ಚರಿಕೆ ಪಟ್ಟಿಗೆ ಹಿರಿಯರ ನಂಬರನ್ನೂ ಸೇರಿಸಿ: ಸಾಂಟಾ ಕ್ಲಾರಾದಲ್ಲಿ ಅಲರ್ಟ್‌ಎಸ್‌ಸಿಸಿ, ಅಲಮೀಡಾದಲ್ಲಿ ಎಸಿ ಅಲರ್ಟ್. "ಇವ್ಯಾಕ್ಯುಯೇಶನ್ ವಾರ್ನಿಂಗ್" ಅಂದರೆ ಹೊರಡಲು ಸಿದ್ಧರಾಗಿ ಅಂತ. ಆದರೆ ಮಂಡಿ ನೋವಿನವರು, ಮಕ್ಕಳು ಇರೋ ಮನೆಯವರು ಆಗಲೇ ಹೊರಡಬೇಕು. "ಆರ್ಡರ್" ಬರೋವರೆಗೆ ಕಾದರೆ ರಸ್ತೆ ತುಂಬಿರುತ್ತೆ.

ವೀಸಾಕಡತ:
ಸರ್ಕಾರದ ಪರಿಹಾರದ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಫೀಮಾದ ನಗದು ನೆರವು ಎಲ್ಲ ನೆರೆಗೂ ಇಲ್ಲ. ಅಧ್ಯಕ್ಷರು ವಿಪತ್ತು ಘೋಷಿಸಿ, ನಿಮ್ಮ ಕೌಂಟಿಗೆ ವೈಯಕ್ತಿಕ ನೆರವು ಮಂಜೂರಾಗಿರಬೇಕು. 2023ರ ಜನವರಿ 14ರ ಘೋಷಣೆಯಲ್ಲಿ ಮೊದಲು ಸಿಕ್ಕಿದ್ದು ಮರ್ಸೆಡ್, ಸ್ಯಾಕ್ರಮೆಂಟೊ, ಸಾಂಟಾ ಕ್ರೂಝ್ ಕೌಂಟಿಗಳಿಗೆ ಮಾತ್ರ. ಎಚ್-1ಬಿ, ಎಲ್-1, ಎಫ್-1 (ಕೆಲಸ, ಓದಿನ ತಾತ್ಕಾಲಿಕ ವೀಸಾಗಳು) ಇರೋರು ಸ್ವಂತ ಹೆಸರಲ್ಲಿ ಆ ನಗದಿಗೆ ಅರ್ಹರಲ್ಲ, ಗ್ರೀನ್ ಕಾರ್ಡ್ ಇದ್ದರೆ ಅರ್ಹರು. ಮನೆಯಲ್ಲಿ ಇಲ್ಲೇ ಹುಟ್ಟಿದ, ಅಮೆರಿಕದ ಪೌರತ್ವ ಇರೋ ಚಿಕ್ಕ ಮಗು ಇದ್ದರೆ ಮಗುವಿನ ಪರವಾಗಿ ಅಪ್ಪ ಅಥವಾ ಅಮ್ಮ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಅರ್ಜಿಯೇ ಹಾಕದವರು ನಮ್ಮಲ್ಲಿ ಅನೇಕರು. ಆಶ್ರಯ ಶಿಬಿರ, ಊಟ, ನೀರಿನಂಥ ತುರ್ತು ನೆರವಿಗೆ ವೀಸಾ ಅಡ್ಡಿಯಲ್ಲ.

ಅರ್ಹತೆ ಹೀಗಿರೋದರಿಂದ ವೀಸಾದಲ್ಲಿರುವ ಬಾಡಿಗೆದಾರರಿಗೆ ಸಾಮಾನಿನ ಪಾಲಿಸಿ ಇನ್ನೂ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ 2018ರ ಜುಲೈ 1ರಿಂದ, ಮನೆ ನೆರೆ ಪ್ರದೇಶದಲ್ಲಿದೆ ಅಂತ ಮಾಲೀಕರಿಗೆ ಗೊತ್ತಿದ್ದರೆ ಅದನ್ನು ಬಾಡಿಗೆ ಕರಾರಿನಲ್ಲಿ ತಿಳಿಸಲೇಬೇಕು. ಸಹಿಗೆ ಮುಂಚೆ ಆ ಪ್ಯಾರಾ ಹುಡುಕಿ.

ನಾಲ್ಕುಚಕ್ರ:
ಕಾರು. 6 ಇಂಚು ನೀರು ಹೆಚ್ಚಿನ ಕಾರುಗಳ ತಳ ಮುಟ್ಟುತ್ತೆ, 1 ಅಡಿ ಬಹಳಷ್ಟು ಕಾರುಗಳನ್ನು ತೇಲಿಸುತ್ತೆ, 2 ಅಡಿ ಹರಿಯೋ ನೀರು ಎಸ್‌ಯುವಿಯನ್ನೂ ಒಯ್ಯುತ್ತೆ. ಅಂಡರ್‌ಪಾಸ್ ಕಡೆ ಹೋಗಲೇಬೇಡಿ. ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿರೋ ಕಾರನ್ನ ಹಿಂದಿನ ಸಂಜೆಯೇ ಮೇಲೆ ತನ್ನಿ. ನೀರು ಬಂದ ಮೇಲೆ ಕಾರು ತರಲು ಕೆಳಗೆ ಇಳಿಯೋದು ಪ್ರಾಣಕ್ಕೆ ಕುತ್ತು. ಮುಳುಗಿದ್ದ ಕಾರನ್ನ ಸ್ಟಾರ್ಟ್ ಮಾಡಬೇಡಿ, ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಮುಳುಗಿದ ಎಲೆಕ್ಟ್ರಿಕ್ ಕಾರನ್ನ ಚಾರ್ಜಿಗೆ ಹಾಕದೆ ಮನೆಯಿಂದ 50 ಅಡಿ ದೂರ ನಿಲ್ಲಿಸಿ. ಕೊಲ್ಲಿಯ ಉಪ್ಪುನೀರು ತಾಗಿದ್ದರೆ ದಿನಗಳಾದ ಮೇಲೂ ಬೆಂಕಿ ಹತ್ತಬಹುದು. ಕಾರಿನ ನೆರೆ ಹಾನಿ ಕಾರ್ ಇನ್ಶೂರೆನ್ಸಿನ ಕಾಂಪ್ರಿಹೆನ್ಸಿವ್‌ನಲ್ಲಿ ಬರುತ್ತೆ, ಮನೆ ಪಾಲಿಸಿಯಲ್ಲಲ್ಲ.

ಟಾಹೋ (ಸಿಯೆರಾ ಬೆಟ್ಟದ ಮೇಲಿನ ಹಿಮದ ಜಾಗ) ಕಡೆ ಹೋಗೋರಿಗೆ ಒಂದೇ ಮಾತು: ಹಿಮದಲ್ಲಿ ಸಿಕ್ಕಿಕೊಂಡರೆ ಎಂಜಿನ್ ಹಚ್ಚೋ ಮುಂಚೆ ಸೈಲೆನ್ಸರ್ ಪೈಪಿನ ಸುತ್ತಲ ಹಿಮ ತೆಗೀರಿ, ಇಲ್ಲದಿದ್ದರೆ ಹೊಗೆ ಕಾರೊಳಗೇ ಬರುತ್ತೆ. 2024ರ ಮಾರ್ಚ್ ಮೊದಲ ವಾರ ಅಲ್ಲಿಗೆ ಹೋಗೋ ಐ-80 ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಘಾಟಿ ಹತ್ತಬೇಡಿ.

ಗೌಂಡಿ_ಧಾರವಾಡ:
ನೀರು ಇಳಿದ ಮ್ಯಾಲಿನ ಕೆಲಸ. ಒಳಗ ಹೋಗೂಕಿಂತ ಮೊದಲ: ಗ್ಯಾಸ್ ವಾಸನಿ ಬಂದ್ರ ಹಿಂದಕ್ಕ ಬರ್ರಿ. ನೀರಾಗ ನಿಂತು ಮೇನ್ ಬ್ರೇಕರ್ ಮುಟ್ಟಬ್ಯಾಡ್ರಿ. ಮುಳುಗಿದ ವಾಟರ್ ಹೀಟರಿನ ಗ್ಯಾಸ್ ವಾಲ್ವ್ ಒಣಗಿಸಿ ಹಚ್ಚೂದು ಬ್ಯಾಡ, ಬದಲೀ ಮಾಡಬೇಕು.

ಎಸಿಯೂಕಿಂತ ಮೊದಲ ಫೋಟೋ ಹೊಡೀರಿ. ಗ್ವಾಡಿ ಮ್ಯಾಲೆ ನೀರು ನಿಂತ ಗೆರಿ ಕಾಣಬೇಕು, ಬಾಜೂಕ ಅಳತಿ ಟೇಪ್ ಹಿಡೀರಿ. ಫ್ರಿಜ್, ಹೀಟರಿನ ಸೀರಿಯಲ್ ನಂಬರ್ ಹೊಡೀರಿ. ಕಾರ್ಪೆಟ್, ಗ್ವಾಡಿ ಹಲಗಿ ಒಂದೊಂದು ತುಂಡು ಕತ್ತರಿಸಿ ಚೀಲದಾಗ ಇಡ್ರಿ. ಕಂಪನಿಯವರು ಬರೂತನಕ ಕಾಯಬ್ಯಾಡ್ರಿ, ಒಣಗಿಸೂದು ನಿಮ್ಮ ಜವಾಬ್ದಾರಿ, 24ರಿಂದ 48 ತಾಸಿನ್ಯಾಗ ಬೂಷ್ಟು ಹಿಡೀತೈತಿ. ಎನ್‌ಎಫ್‌ಐಪಿಗೆ ಪ್ರೂಫ್ ಆಫ್ ಲಾಸ್ (ಸಹಿ ಮಾಡಿದ ನಷ್ಟದ ಲೆಕ್ಕದ ಪತ್ರ) 60 ದಿನದಾಗ ಮುಟ್ಟಬೇಕು.

1980ಕ್ಕಿಂತ ಮೊದಲಿನ ಮನಿ ಇದ್ರ ಗ್ವಾಡಿ, ಛಾವಣಿ ಒಡಿಯೂಕಿಂತ ಮೊದಲ ಆಸ್ಬೆಸ್ಟಾಸ್ ಪರೀಕ್ಷಾ ಮಾಡಸ್ರಿ. ಒಂಬತ್ತು ಇಂಚಿನ ಹಳೇ ಟೈಲ್ ಕಂಡ್ರ ಅಂತೂ ಕೈ ಹಚ್ಚಬ್ಯಾಡ್ರಿ.

ಡ್ರೈವಾಲ್ (ಜಿಪ್ಸಮ್ ಗ್ವಾಡಿ ಹಲಗಿ) ನೀರಿನ ಗೆರಿಗಿಂತ ಕನಿಷ್ಠ ಒಂದು ಅಡಿ ಮ್ಯಾಲೆ ಕತ್ತರಸ್ರಿ, ಅದು ನೀರು ಹೀರಿ ಮ್ಯಾಲೆ ಎಳಕೊಂಡಿರತೈತಿ. ಗೆರಿ ಎರಡು ಅಡಿ ದಾಟಿದ್ರ ಸೀದಾ ನಾಕ ಅಡಿಗೆ ಕತ್ತರಸ್ರಿ, ಹೊಸಾ ಹಲಗಿ ನಾಕ ಅಡಿ ಅಗಲ ಬರತೈತಿ, ಅಡ್ಡ ಹಾಕಿದ್ರ ಬರೋಬ್ಬರಿ ಕೂಡತೈತಿ. ಒಳಗಿನ ಫೈಬರ್‌ಗ್ಲಾಸ್ ಎಲ್ಲಾ ಹೊರಗ. N95 ಮಾಸ್ಕ್, ರಬ್ಬರ್ ಕೈಗವಸು, ಮೊಣಕಾಲತನಕ ಬೂಟು.

ತುಂಗಾತೀರ:
ಹೊಸ ಹಲಗೆ ಯಾವಾಗ ಹಾಕಬಹುದು? ಎರಡು ವಾರ ಫ್ಯಾನ್ ಹಾಕಿದರೆ ಸಾಕಾ?

ಗೌಂಡಿ_ಧಾರವಾಡ:
ವಾರದ ಲೆಕ್ಕ ಹಿಡೀಬ್ಯಾಡ್ರಿ. ಎರಡು ಮುಳ್ಳಿನ ಮಾಯ್ಶ್ಚರ್ ಮೀಟರ್ ತಗೊಂಡು ಕಟ್ಟಿಗಿ ಕಂಬಕ್ಕ ಚುಚ್ಚಿ ನೋಡ್ರಿ, ಎಲ್ಲಾ ಕಡೆ 15 ಪರ್ಸೆಂಟ್ ಒಳಗ ಇಳೀಬೇಕು. ಅಡಿಪಟ್ಟಿ, ಅಂದ್ರ ನೆಲಕ್ಕ ಹತ್ತಿದ ಅಡ್ಡ ಕಟ್ಟಿಗಿ, ಎಲ್ಲಾಕಿಂತ ಕಡೀಕ ಒಣಗತೈತಿ. ಅದನ್ನ ನೋಡದ ಮುಚ್ಚಿದ್ರ ಬ್ಯಾಸಿಗ್ಯಾಗ ಬೂಷ್ಟು ವಾಸನಿ ಬಂದು ಮತ್ತ ಒಡೀಬೇಕಾಗತೈತಿ. ಹೊರಗ ಮಳಿ ಇದ್ದಾಗ ಕಿಟಕಿ ಮುಚ್ಚಿ ಡೀಹ್ಯುಮಿಡಿಫೈಯರ್ ಹಚ್ಚರಿ, ಬಿಸಿಲು ಬಿದ್ದ ದಿನ ಕಿಟಕಿ ತಗದು ಫ್ಯಾನ್ ಹಚ್ಚರಿ. ಬಾಡಿಗಿಗೆ ತಂದ ಡೀಹ್ಯುಮಿಡಿಫೈಯರಿನ ರಸೀದಿ ಫೋಟೋ ತಗದು ಇಡ್ರಿ, ಕ್ಲೇಮಿನ್ಯಾಗ ಕೇಳಬಹುದು.